16 ಲಕ್ಷದ ಔಟ್‌ಟರ್ನ್ ಎಷ್ಟು?

ಕೊಡಗಿನ ಸಿದ್ದಾಪುರದ ಕಡೆಯಿಂದ 27 ವರ್ಷದ ಹೆಣ್ಣುಮಗಳೊಬ್ಬರು ಬರೆದಿದ್ದಾರೆ. ಮೈಸೂರಿನ ಕಂಪನಿಯೊಂದಕ್ಕೆ ನಾಲ್ಕು ವರ್ಷದಿಂದ ಮನೆಯಲ್ಲೇ ಕೂತು ಸಾಫ್ಟ್‌ವೇರ್ ಕೆಲಸ ಮಾಡುತ್ತಿದ್ದಾರೆ. ಪ್ಯಾಕೇಜ್ 11 ಲಕ್ಷ, ಕೈಗೆ ತಿಂಗಳಿಗೆ 80,000. ಅದರಲ್ಲಿ 20,000 ಅಪ್ಪನ ಕೈಗೆ, 20,000 ಸ್ವಂತ ಖರ್ಚಿಗೆ, 40,000 ಉಳಿತಾಯ. ಈಗ ಬೆಂಗಳೂರಿನ ಬೆಳ್ಳಂದೂರಿನ ಕಂಪನಿಯೊಂದು 16 ಲಕ್ಷ ಕೊಡುತ್ತೇನೆಂದಿದೆ. ವಾರಕ್ಕೆ ನಾಲ್ಕು ದಿನ ಆಫೀಸಿಗೆ ಹೋಗಬೇಕು. ಇನ್ನಷ್ಟು ಕೇಳೋಣವೆಂದರೆ ನಾಗರಬಾವಿಯಲ್ಲಿರುವ ಭಾವ ತಡೆದಿದ್ದಾರೆ: “ಸಿಕ್ಕಿದ್ದೇ ಪುಣ್ಯ. ಕೇಳಿದರೆ ಆಫರ್ ವಾಪಸ್ ತಗೋತಾರೆ. ನಮ್ಮನೇಲೇ ಇರು, ಬಾಡಿಗೆ ಉಳಿಯುತ್ತೆ.” ಕೇಳಲೋ ಬೇಡವೋ ಎಂಬುದು ಪ್ರಶ್ನೆ.

ಎರಡು ಪುಟದ ಪತ್ರದ ಕೊನೆಯಲ್ಲಿ ಅರ್ಧ ಸಾಲು ಇದೆ: “ಇದರಲ್ಲಿ ವೇರಿಯಬಲ್, ಜಾಯಿನಿಂಗ್ ಬೋನಸ್ ಎಲ್ಲ ಸೇರಿದೆ, ಶೀಟ್ ಜೊತೆಗಿಟ್ಟಿದ್ದೇನೆ.” ಅಮ್ಮಾ, ನೀವು ಮೊದಲು ಬರೆಯಬೇಕಿದ್ದುದೇ ಇದು.

ನಿಮ್ಮ ತಂದೆಗೆ ನಾಲ್ಕು ಎಕರೆ ರೊಬಸ್ಟಾ ಕಾಫಿ ಇದೆ ಎಂದಿದ್ದೀರಿ. ಒಣಗಿಸಿದ ಚೆರ್ರಿಯ 50 ಕೆ.ಜಿ. ಚೀಲವನ್ನು ವ್ಯಾಪಾರಿ ಬರೀ ತೂಗಿ ಕೊಳ್ಳುತ್ತಾನೆಯೇ? ಒಂದಿಷ್ಟು ಸ್ಯಾಂಪಲ್ ತೆಗೆದು, ಸಿಪ್ಪೆ ಬಿಡಿಸಿ, ಒಳಗಿನ ಬೀಜ ತೂಗಿ ಔಟ್‌ಟರ್ನ್ ನೋಡುತ್ತಾನೆ. 26 ಕೆ.ಜಿ. ಬರುತ್ತದೋ 27 ಬರುತ್ತದೋ, ದರ ನಿಲ್ಲುವುದು ಅದರ ಮೇಲೆ. ನೀವು ಹೇಳುವ ಪ್ಯಾಕೇಜ್, ಅಂದರೆ ಸಿಟಿಸಿ, ಕಂಪನಿ ನಿಮಗಾಗಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು; ಅದು ಸಿಪ್ಪೆ ಸಮೇತದ ಚೀಲ. ನೀವು ಅದನ್ನು ಬಿಡಿಸಿ ನೋಡಿಲ್ಲ.

ಬಿಡಿಸೋಣ. 16 ಲಕ್ಷದಲ್ಲಿ ವೇರಿಯಬಲ್, ಅಂದರೆ ಕೆಲಸದ ಸಾಧನೆ ನೋಡಿ ಕೊಡುವ ಭಾಗ, 1,60,000. ಜಾಯಿನಿಂಗ್ ಬೋನಸ್ 1,00,000, ಅದು ಒಂದೇ ಸಲ. ಕಂಪನಿ ಕಟ್ಟುವ ಪಿಎಫ್ 72,000, ಗ್ರಾಚ್ಯುಟಿ 28,860, ವಿಮೆ 19,140. ಉಳಿಯುವುದು 12,20,000, ಅಂದರೆ ತಿಂಗಳಿಗೆ 1,01,667. ನಿಮ್ಮ ಪಾಲಿನ ಪಿಎಫ್ 6,000, ವೃತ್ತಿ ತೆರಿಗೆ 200 ಕಳೆದರೆ ಕೈಗೆ ಬರುವುದು ಹೆಚ್ಚುಕಡಿಮೆ 95,400. ಪಿಎಫ್ ನಿಮ್ಮದೇ ದುಡ್ಡು, ಒಪ್ಪಿದೆ. ಆದರೆ ಕಾಯಂ ನೌಕರಿಯಲ್ಲಿ ಗ್ರಾಚ್ಯುಟಿ ಐದು ವರ್ಷ ತುಂಬಿದ ಮೇಲಿನ ಮಾತು.

ಇನ್ನು ತೆರಿಗೆ. ಹೊಸ ಪದ್ಧತಿಯಲ್ಲಿ 2025-26ರಿಂದ ಸಂಬಳದಾರರಿಗೆ 12,75,000ದವರೆಗೆ ತೆರಿಗೆ ಬೀಳುವುದಿಲ್ಲ, ಹಾಗಾಗಿ 12,20,000ಕ್ಕೆ ಸೊನ್ನೆ. ವೇರಿಯಬಲ್ಲೂ ಬೋನಸ್ಸೂ ಒಂದೇ ಆರ್ಥಿಕ ವರ್ಷದಲ್ಲಿ ಬಂದವೆನ್ನಿ, ಆದಾಯ 14,80,000 ಆಗಿ ಸೆಸ್ ಸೇರಿ 94,380 ತೆರಿಗೆ ಕಟ್ಟಬೇಕು. ನಿಮ್ಮನ್ನು ಖುಷಿಪಡಿಸಿದ ಆ 2,60,000ದಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಅಲ್ಲೇ ಹೋಯಿತು. ಬಾಡಿಗೆ ರಸೀದಿ ಕೊಟ್ಟು ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ) ವಿನಾಯಿತಿ ಪಡೆಯುವ ದಾರಿಯೂ ಹೊಸ ಪದ್ಧತಿಯಲ್ಲಿಲ್ಲ. ಜಾಯಿನಿಂಗ್ ಬೋನಸ್‌ಗೆ ಇನ್ನೊಂದು ಕೊಕ್ಕೆ ಇದೆ: ವರ್ಷದೊಳಗೆ ಬಿಟ್ಟರೆ ವಾಪಸ್ ಕೊಡಬೇಕೆಂದು ನಿಮ್ಮ ಶೀಟಿನ ಅಡಿಯಲ್ಲೇ ಬರೆದಿದೆ. ಸಾಮಾನ್ಯವಾಗಿ ತೆರಿಗೆ ಹಿಡಿದು ಕೊಡುತ್ತಾರೆ, ಕೇಳುವಾಗ ಪೂರ್ತಿ ಕೇಳುತ್ತಾರೆ.

ಬೆಂಗಳೂರಿನ ಖರ್ಚು ನೀವೇ ವಿಚಾರಿಸಿ ಬರೆದಿದ್ದೀರಿ. ಗೆಳತಿಯ ಜೊತೆ ಮನೆ ಮಾಡಿದರೆ ನಿಮ್ಮ ಪಾಲಿನ ಬಾಡಿಗೆ 16,000. ಊಟ, ಗ್ಯಾಸ್, ಕರೆಂಟು 9,000. ಆಫೀಸಿಗೆ ಓಡಾಟ 3,000, ತಿಂಗಳಿಗೆರಡು ಸಲ ಹುಣಸೂರು, ಪಿರಿಯಾಪಟ್ಟಣದ ಮೇಲೆ ಊರಿಗೆ ಬಂದುಹೋಗಲು 3,000. ಇದಕ್ಕೆ ಅಪ್ಪನ 20,000, ನಿಮ್ಮ 20,000 ಸೇರಿಸಿ. 71,000 ಆಯಿತು, ಉಳಿದದ್ದು 24,400. ಪ್ಯಾಕೇಜ್ ಐದು ಲಕ್ಷ ಏರಿ, ಉಳಿತಾಯ ತಿಂಗಳಿಗೆ 15,600 ಇಳಿಯಿತು. ಮನೆ ಮಾಲೀಕರು ಕೇಳುವ ಐದು ತಿಂಗಳ ಅಡ್ವಾನ್ಸ್, ನಿಮ್ಮ ಪಾಲಿನ 80,000, ಇದರಲ್ಲಿ ಸೇರಿಲ್ಲ.

ನಿಮ್ಮ ಭಾವನ ಮೇಲೆ ನನಗೆ ಸಿಟ್ಟಿದೆ. ಮನೆಗೆ ಕರೆದದ್ದು ಅವರ ಪ್ರೀತಿ, ಅದಕ್ಕೆ ನಮಸ್ಕಾರ. ಆದರೆ ನಾಗರಬಾವಿ ಪಶ್ಚಿಮದಲ್ಲಿ, ಬೆಳ್ಳಂದೂರು ಆಗ್ನೇಯದಲ್ಲಿ. ಊರನ್ನೇ ದಾಟಿ, 20 ಕಿ.ಮೀ.ಗೂ ಮೇಲೆ, ವಾರಕ್ಕೆ ನಾಲ್ಕು ದಿನ ಹೋಗಿಬರುವ ಮಾತು. ಮೂರು ತಿಂಗಳಿಗೆ ಸುಸ್ತಾಗಿ ಬೇರೆ ಮನೆ ಹುಡುಕುತ್ತೀರಿ. ಆಗ ಬಾಡಿಗೆ ಬರುತ್ತದೆ, ಆದರೆ ಸಂಬಳ ಬಾಡಿಗೆ ಇಲ್ಲದ ಲೆಕ್ಕದಲ್ಲಿ ಒಪ್ಪಿದ್ದಾಗಿರುತ್ತದೆ. ನೆಂಟರ ಮನೆ ಇದೆಯೆಂದು ಸಂಬಳ ತಗ್ಗಿಸಿಕೊಳ್ಳಬಾರದು. ಅಕ್ಕನ ಮನೆಯ ಕೋಣೆಯ ಲಾಭ ಕಂಪನಿಗೆ ಯಾಕೆ ಹೋಗಬೇಕು?

“ಕೇಳಿದರೆ ವಾಪಸ್ ತಗೋತಾರೆ” ಎನ್ನುವುದೂ ನಿಜವಲ್ಲ. ಮೂರು ಸುತ್ತು ಇಂಟರ್‌ವ್ಯೂ ಮಾಡಿ ಆರಿಸಿದವರನ್ನು ಮರ್ಯಾದೆಯಿಂದ ಒಂದು ಸಲ ಕೇಳಿದ್ದಕ್ಕೆ ಕೈಬಿಡುವುದು ಬಹಳ ಅಪರೂಪ. ಆಫರ್ ಕೆಡುವುದು ಬೇರೆ ಕಾರಣಕ್ಕೆ: ಸಹಿ ಹಾಕಿದ ಮೇಲೆ ಮತ್ತೆ ಕೇಳಿದಾಗ, ಇಲ್ಲದ ಇನ್ನೊಂದು ಆಫರ್ ಇದೆ ಎಂದಾಗ, ಈಗಿನ ಸಂಬಳ ಏರಿಸಿ ಹೇಳಿದಾಗ. ಮೂರು ತಿಂಗಳ ಪೇ ಸ್ಲಿಪ್ ಕೇಳುತ್ತಾರೆ, ಸುಳ್ಳು ಅಲ್ಲೇ ಸಿಕ್ಕಿಬೀಳುತ್ತದೆ. ಆಫರ್ ಕೇಳಿ ಫೋನಿನಲ್ಲಿ “ಪರವಾಗಿಲ್ಲ” ಅಂದುಬಿಟ್ಟೆ ಎಂದು ಬರೆದಿದ್ದೀರಿ, ಕೊರಗಬೇಡಿ. ಸಹಿ ಹಾಕಿಲ್ಲವಲ್ಲ.

ಮೇಲೆ ಮಾಡಿದ ಬಾಡಿಗೆಯ ಲೆಕ್ಕ ನಿಮಗೆ, ಅವರಿಗಲ್ಲ. “ಬೆಂಗಳೂರು ದುಬಾರಿ” ಎಂದರೆ ರಿಕ್ರೂಟರ್ “ಎಲ್ಲರಿಗೂ ಅಷ್ಟೇ ಅಲ್ವಾ” ಎನ್ನುತ್ತಾರೆ, ಮಾತು ಮುಗಿಯಿತು. ಕೆಲಸದ ಮೇಲೆ ಕೇಳಿ. ಇವತ್ತೇ ಮೇಲ್ ಹಾಕಿ, ಫೋನ್ ಬೇಡ. ಅದರಲ್ಲಿ ಇಷ್ಟಿರಲಿ: “ಆಫರ್‌ಗೆ ಧನ್ಯವಾದ, ಸೇರಲು ಮನಸ್ಸಿದೆ. ನಾಲ್ಕು ವರ್ಷದ ಅನುಭವ ಮತ್ತು ಈ ಹುದ್ದೆಯ ಜವಾಬ್ದಾರಿ ನೋಡಿ 16 ಲಕ್ಷವನ್ನು ಪೂರ್ತಿ ಫಿಕ್ಸೆಡ್ ಮಾಡಿ, ವೇರಿಯಬಲ್ ಮತ್ತು ಜಾಯಿನಿಂಗ್ ಬೋನಸ್ ಅದರ ಮೇಲೆ ಕೊಡಬೇಕೆಂದು ಕೋರುತ್ತೇನೆ. ಹಾಗಾದರೆ ಈ ವಾರವೇ ಸಹಿ ಮಾಡುತ್ತೇನೆ.” ಸಂಖ್ಯೆ ಅದೇ 16 ಆದ್ದರಿಂದ ಅವರಿಗೂ ಮೇಲಿನವರ ಒಪ್ಪಿಗೆ ಕೇಳುವುದು ಸುಲಭ. ಬೇಸಿಕ್ (ಮೂಲ ವೇತನ) ತಿಂಗಳ ಸಂಬಳದ ಅರ್ಧದಷ್ಟೇ ಇದ್ದರೆ, ಈ ಲೆಕ್ಕದಲ್ಲಿ ತೆರಿಗೆ ಕಳೆದು ಕೈಗೆ 1,06,000 ಬರುತ್ತದೆ, 35,000 ಉಳಿಯುತ್ತದೆ.

ಬಜೆಟ್ ಇಲ್ಲವೆಂದರೆ 15 ಲಕ್ಷ ಫಿಕ್ಸೆಡ್‌ವರೆಗೆ ಇಳಿಯಿರಿ. ಕೈಗೆ ಒಂದು ಲಕ್ಷ, ಉಳಿತಾಯ 29,000. ಹೊಸ ಕೆಲಸದಲ್ಲಿ ಕಲಿಯುವುದಿದೆಯೆಂದು ಅಷ್ಟು ಬಿಟ್ಟುಕೊಡಬಹುದು, ಅದರ ಕೆಳಗೆ ಬೇಡ. ಈಗಿನ ಕೆಲಸ ಕೈಯಲ್ಲಿದೆ, ಅದು ಸಣ್ಣ ಬಲವಲ್ಲ. 15ಕ್ಕೆ ಒಪ್ಪುವಾಗ ಸಾಮಾನು ಸಾಗಿಸುವ ಖರ್ಚು, ಮೊದಲ 15 ದಿನದ ವಸತಿ ಕೇಳಿ. ಸಂಬಳ ಏರಿಸಲಾಗದವರೂ ಇವನ್ನು ಕೊಡುವುದುಂಟು. ಜನವರಿ, ಫೆಬ್ರವರಿಯಲ್ಲಿ ಕೊಯ್ಲಿಗೆ ಎರಡು ವಾರ ಮನೆಯಲ್ಲಿರಬೇಕು, “ಮ್ಯಾನೇಜರ್ ಆಯ್ತು ಅಂದಿದ್ದಾರೆ” ಎಂದು ಬರೆದಿದ್ದೀರಿ. ಮ್ಯಾನೇಜರ್ ನಾಳೆ ಬೇರೆ ಟೀಮಿಗೆ ಹೋಗಬಹುದು. ಆ ಎರಡು ವಾರ ಮನೆಯಿಂದ ಕೆಲಸ ಎಂಬುದು ಆಫರ್ ಲೆಟರ್‌ನಲ್ಲೇ ಬರಲಿ.

ಲೆಟರ್ ಬಂದು, ಶೀಟಿನ ಪ್ರತಿ ಸಾಲು ಕೂಡಿ ನೋಡಿ, ಸಹಿ ಹಾಕಿ ಕಳಿಸುವವರೆಗೆ ಮೈಸೂರಿನ ಕಂಪನಿಗೆ ರಾಜೀನಾಮೆ ಕೊಡಬೇಡಿ. ನೋಟಿಸ್ 60 ದಿನ ಎಂದಿದ್ದೀರಿ, ಸೇರುವ ತಾರೀಖನ್ನು ಸಹಿಯಾದ ದಿನದಿಂದ ಎಣಿಸಲು ಹೇಳಿ.