ಗ್ರಾಫಿನಲ್ಲಿರುವ ಸರಳರೇಖೆಯ ಸಮೀಕರಣ ಬರೆಯುವುದು ಹೇಗೆ?

ಗೆರೆ ವೈ ಅಕ್ಷವನ್ನು 0 ಮತ್ತು 1ರ ನಡುವೆ ಎಲ್ಲೋ ದಾಟುತ್ತೆ, ಸುಮ್ನೆ 0.5 ಅಂತ ಹಾಕಿದೆ, ಉತ್ತರ ತಪ್ಪಾಯ್ತು ಅಂತ ಬರೆದಿದ್ದೀರಿ. ಎಡವಿದ್ದು ಆ 0.5ರಲ್ಲೇ. ಉಳಿದದ್ದೆಲ್ಲ ಸರಿಯಾಗಿದೆ.

ವೈ = ಎಂಎಕ್ಸ್ + ಸಿ ಅಂತ ಕಲಿತವರು (ಎಂ ಅಂದರೆ ಗೆರೆಯ ಇಳಿಜಾರು, ಸಿ ಅಂದರೆ ಗೆರೆ ವೈ ಅಕ್ಷವನ್ನು ದಾಟುವ ಜಾಗದ ಅಂಕಿ) ಮೊದಲು ಸಿ ಹುಡುಕಲು ಹೋಗುತ್ತಾರೆ. ಗೆರೆ ಅಕ್ಷವನ್ನು ಸರಿಯಾಗಿ ಒಂದು ಅಂಕಿಯ ಮೇಲೆ ದಾಟಿದರೆ ಅದು ಸುಲಭ. ಇಲ್ಲದಿದ್ದರೆ ಆ ಜಾಗವನ್ನು ಸದ್ಯಕ್ಕೆ ಮರೆತುಬಿಡಿ. ಗೆರೆ ಚೌಕಗಳ ಮೂಲೆಯ ಮೇಲೇ ಹಾದುಹೋಗುವ ಎರಡು ಬಿಂದು ಹುಡುಕಿ. ನಿಮ್ಮ ಚಿತ್ರದಲ್ಲಿ (1, 1) ಮತ್ತು (4, 3) ಹಾಗಿವೆ.

ಈಗ (1, 1)ರ ಮೇಲೆ ಪೆನ್ಸಿಲ್ ಇಡಿ. ಬಲಕ್ಕೆ 3 ಹೆಜ್ಜೆ, ಮೇಲಕ್ಕೆ 2 ಹೆಜ್ಜೆ ಇಟ್ಟರೆ (4, 3) ಸಿಗುತ್ತದೆ. ಇಳಿಜಾರು ಅಂದರೆ ಏರಿದ್ದನ್ನು ಅಡ್ಡಕ್ಕೆ ಹೋದದ್ದರಿಂದ ಭಾಗಿಸುವುದು, ಅಂದರೆ 2/3. ಇದನ್ನು 3/2 ಅಂತ ತಿರುಗಿಸಿ ಬರೆಯುವವರು ಜಾಸ್ತಿ. ಗೆರೆ ಅಷ್ಟೊಂದು ಕಡಿದಾಗಿಲ್ಲ ಅಲ್ವಾ? ಹಾಗಾಗಿ 1ಕ್ಕಿಂತ ಕಡಿಮೆಯೇ ಬರಬೇಕು. ಬಲಕ್ಕೆ ಹೋಗುತ್ತಾ ಇಳಿಯುವ ಗೆರೆಯಾಗಿದ್ದರೆ ಮೈನಸ್ ಬರುತ್ತಿತ್ತು.

ಇನ್ನು ಸಿ. (1, 1) ಗೆರೆಯ ಮೇಲೇ ಇರುವುದರಿಂದ ಎಕ್ಸ್, ವೈ ಎರಡರ ಜಾಗದಲ್ಲೂ 1 ಹಾಕಿ: 1 = 2/3 + ಸಿ. ಆಗ ಸಿ = 1/3. ಕಣ್ಣಿಗೆ ಅರ್ಧದ ಹಾಗೆ ಕಂಡದ್ದು ನಿಜವಾಗಿ ಮೂರನೇ ಒಂದು ಭಾಗ. ಸಮೀಕರಣ ವೈ = (2/3)ಎಕ್ಸ್ + 1/3. ಭಿನ್ನರಾಶಿ ಇಷ್ಟವಿಲ್ಲದಿದ್ದರೆ ಎಲ್ಲವನ್ನೂ 3ರಿಂದ ಗುಣಿಸಿ: 3ವೈ = 2ಎಕ್ಸ್ + 1. ನನಗಂತೂ ಇದೇ ಚೆಂದ ಕಾಣುತ್ತದೆ.

ಬರೆದಾದ ಮೇಲೆ ಮೂರನೇ ಬಿಂದುವೊಂದರಲ್ಲಿ ತಾಳೆ ನೋಡಿ. (4, 3)ರಿಂದ ಮತ್ತೆ 3 ಬಲಕ್ಕೆ, 2 ಮೇಲಕ್ಕೆ ಹೋದರೆ (7, 5). ಎಕ್ಸ್ 7 ಆದಾಗ 14/3 + 1/3 = 15/3, ಅಂದರೆ 5. ಕೂಡಿಬಂತು. ನಿಮ್ಮ 0.5 ಹಾಕಿದ್ದರೆ 5.17ರ ಹತ್ತಿರ ಬರುತ್ತಿತ್ತು, ತಪ್ಪು ಅಲ್ಲೇ ಸಿಕ್ಕಿಬೀಳುತ್ತಿತ್ತು.

ಹೆಜ್ಜೆ ಅಂದೆ, ಚೌಕ ಅನ್ನಲಿಲ್ಲ. ಅದಕ್ಕೆ ಕಾರಣವಿದೆ. ಒಮ್ಮೆ ಪರೀಕ್ಷೆಯಲ್ಲಿ ವೈ ಅಕ್ಷದ ಒಂದು ಚೌಕಕ್ಕೆ 5, ಎಕ್ಸ್ ಅಕ್ಷದ ಒಂದು ಚೌಕಕ್ಕೆ 1 ಅಂತ ಅಳತೆ ಕೊಟ್ಟಿದ್ದರು. ನಾನು ಅದನ್ನು ನೋಡದೆ ಚೌಕ ಎಣಿಸಿ ಇಳಿಜಾರು 2 ಅಂತ ಬರೆದು ಬಂದೆ. ಸರಿಯುತ್ತರ 10. ಆಮೇಲಿಂದ ಮೊದಲು ಅಕ್ಷದ ಅಂಕಿಗಳನ್ನು ಓದಿಯೇ ಪೆನ್ಸಿಲ್ ಎತ್ತುತ್ತೇನೆ.

ಕೊನೆಗೆ ಕೇಳಿದ್ದೀರಲ್ಲ, ನೆಟ್ಟಗೆ ಮೇಲಕ್ಕೆ ನಿಂತಿರುವ ಗೆರೆ, ಅದಕ್ಕೆ ಇದ್ಯಾವುದೂ ನಡೆಯುವುದಿಲ್ಲ. ಅಡ್ಡಕ್ಕೆ ಹೋದದ್ದು 0, ಸೊನ್ನೆಯಿಂದ ಭಾಗಿಸಲು ಆಗಲ್ಲ. ಅದು ಎಕ್ಸ್ ಅಕ್ಷವನ್ನು 4ರಲ್ಲಿ ದಾಟಿದರೆ ಎಕ್ಸ್ = 4 ಅಂತ ಬರೆದು ಮುಂದಿನ ಲೆಕ್ಕಕ್ಕೆ ಹೋಗಿ.