ಚಂದಾ ಸೈಟ್‌ಗೆ ಕ್ಯಾಷಿಯರ್ ಹಾಕಬೇಕಾ, ನಾವೇ ಬರೆಯಬೇಕಾ?

ನಮಸ್ಕಾರ ಮೇಡಂ. ನೀವು ಕೇಳಿದ್ದು ಇಷ್ಟು ಅಲ್ವಾ: ಲಾರಾವೆಲ್‌ನಲ್ಲಿ (ಪಿಎಚ್‌ಪಿ ಭಾಷೆಯಲ್ಲಿ ವೆಬ್‌ಸೈಟ್ ಕಟ್ಟುವ ಚೌಕಟ್ಟು) ವೀಣೆ ಪಾಠದ ವಿಡಿಯೊ ಸೈಟ್ ಮಾಡುತ್ತಿದ್ದೀರಿ, ತಿಂಗಳಿಗೆ 199 ರೂಪಾಯಿ ಚಂದಾ. ಇದಕ್ಕೆ ಚಂದಾ ಲೆಕ್ಕ ನೋಡಿಕೊಳ್ಳುವ ಸಿದ್ಧ ಕೋಡ್ ಆದ ಕ್ಯಾಷಿಯರ್ ಲೈಬ್ರರಿ ಹಾಕಲಾ, ಇಲ್ಲ ಯೂಸರ್ ಟೇಬಲ್‌ಗೆ ಒಂದು ಕಾಲಂ ಸೇರಿಸಿ, ದುಡ್ಡು ಕಟ್ಟಿದ್ದರೆ 1, ಕಟ್ಟದಿದ್ದರೆ 0 ಅಂತ ಮುಗಿಸಿಬಿಡಲಾ?

ದಯವಿಟ್ಟು ಆ ಒಂದು ಕಾಲಂ ದಾರಿ ಹಿಡಿಯಬೇಡಿ. ನಾನು ಆ ದಾರಿಯಲ್ಲಿ ಹೋಗಿ ಬಂದಿದ್ದೇನೆ.

ಸ್ನೇಹಿತರೊಬ್ಬರ ಟ್ಯೂಷನ್ ಸೈಟ್ ಮಾಡಿಕೊಟ್ಟಿದ್ದೆ. ದುಡ್ಡು ಕಟ್ಟಿದವರು ವಾಪಸ್ ಬರುವ 'ಧನ್ಯವಾದ' ಪುಟ ತೆರೆದುಕೊಂಡಾಗ ಚಂದಾ ಚಾಲೂ ಆಗುವ ಹಾಗೆ ಬರೆದಿದ್ದೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿಯೇ ಓಡಿತು. ಆದರೆ ಜನ ಏನು ಮಾಡುತ್ತಾರೆ? ಫೋನಿನಲ್ಲಿ ಯುಪಿಐ ಪಿನ್ ಒತ್ತುತ್ತಾರೆ, ಹಸಿರು ಟಿಕ್ ಕಾಣುತ್ತದೆ, ಫೋನ್ ಜೇಬಿಗೆ ಹಾಕುತ್ತಾರೆ. ಬ್ರೌಸರ್‌ಗೆ ವಾಪಸ್ ಬರುವುದೇ ಇಲ್ಲ. ರಾತ್ರಿ ಹತ್ತೂವರೆಗೆ ಒಬ್ಬ ತಾಯಿ ಫೋನ್ ಮಾಡಿದರು: "ದುಡ್ಡು ಹೋಗಿದೆ, ಮಗಳಿಗೆ ಪಾಠ ತೆರೀತಿಲ್ಲ, ನಾಳೆ ಪರೀಕ್ಷೆ." ಎದ್ದು ಕೂತು ಡೇಟಾಬೇಸ್‌ನಲ್ಲಿ ಕೈಯಾರೆ 1 ಹಾಕಿದೆ. ಆಮೇಲೆ ವೆಬ್‌ಹುಕ್ ಬರೆದೆ, ಅಂದರೆ ದುಡ್ಡು ಬಂತು ಅಂತ ಪಾವತಿ ಕಂಪನಿಯ ಸರ್ವರ್ ನೇರವಾಗಿ ನಮ್ಮ ಸರ್ವರ್‌ಗೆ ಸಂದೇಶ ಕಳಿಸುವ ವ್ಯವಸ್ಥೆ. ಒಂದೇ ಸಂದೇಶ ಎರಡು ಸಲ ಬಂದು, ಒಬ್ಬ ಹುಡುಗನ ಚಂದಾ ಎರಡು ತಿಂಗಳು ಮುಂದಕ್ಕೆ ಹೋಯಿತು.

ಇದಾದ ಮೇಲೆ ಕ್ಯಾಷಿಯರ್‌ನ ಕೋಡ್ ತೆಗೆದು ಓದಿದೆ. ಇದು ಲಾರಾವೆಲ್ ತಂಡದ್ದೇ ಲೈಬ್ರರಿ, ಉಚಿತ. ಆನ್‌ಲೈನ್ ಪಾವತಿ ಕಂಪನಿ ಸ್ಟ್ರೈಪ್ ಮೇಲೆ ಕೆಲಸ ಮಾಡುತ್ತದೆ, ಅಂಥದ್ದೇ ಇನ್ನೊಂದು ಕಂಪನಿ ಪ್ಯಾಡಲ್‌ಗೆ ಬೇರೆ ಪ್ಯಾಕೇಜ್ ಇದೆ. ಚಂದಾ ವ್ಯವಹಾರ ಹೀಗೇ ಇರಬೇಕು ಅನ್ನುವ ಹಠ ಇರುವ ಲೈಬ್ರರಿ. ಆ ಹಠವೇ ಅದರ ದೊಡ್ಡ ಗುಣ ಅಂತ ನನಗನ್ನಿಸುತ್ತದೆ.

ಮೊದಲ ಹಠ ಟೇಬಲ್‌ದು. ಅದರ ಚಂದಾ ಟೇಬಲ್ ಒಮ್ಮೆ ನೋಡಿ. ಹೌದು-ಇಲ್ಲ ಅನ್ನುವ ಕಾಲಂ ಅಲ್ಲಿಲ್ಲ. ಸ್ಟ್ರೈಪ್ ಹೇಳಿದ ಸ್ಥಿತಿಗೆ ಒಂದು ಕಾಲಂ, ಟ್ರಯಲ್ ಮುಗಿಯುವ ದಿನಕ್ಕೆ ಒಂದು, 'ಎಂಡ್ಸ್ ಅಟ್' ಅಂತ ಇನ್ನೊಂದು. ಈ ಕೊನೆಯ ಕಾಲಂ ಖಾಲಿ ಇದ್ದರೆ ಯಾರೂ ರದ್ದು ಮಾಡಿಲ್ಲ ಅಂತ ಅರ್ಥ. ಮುಂದಿನ ತಾರೀಖು ಇದ್ದರೆ ರದ್ದು ಮಾಡಿದ್ದಾರೆ, ಆದರೆ ಕಟ್ಟಿದ ದುಡ್ಡಿನ ಅವಧಿ ಇನ್ನೂ ಇದೆ. ತಾರೀಖು ದಾಟಿದ್ದರೆ ಮುಗಿಯಿತು. ನಿಮ್ಮ ವಿದ್ಯಾರ್ಥಿ 1ನೇ ತಾರೀಖು ದುಡ್ಡು ಕಟ್ಟಿ 10ಕ್ಕೆ ರದ್ದು ಮಾಡಿದರೆ, ತಿಂಗಳ ಕೊನೆವರೆಗೂ ಪಾಠ ನೋಡುವ ಹಕ್ಕು ಅವರಿಗಿದೆ. 0-1 ಕಾಲಂನಲ್ಲಿ ಇದನ್ನು ಹೇಗೆ ಬರೆಯುತ್ತೀರಿ? ಬರೆಯಲಿಕ್ಕಾಗುವುದಿಲ್ಲ.

ಎರಡನೇ ಹಠ ವೆಬ್‌ಹುಕ್‌ದು. ಚಂದಾ ನವೀಕರಣ ಆಯಿತಾ, ನಿಂತುಹೋಯಿತಾ ಅನ್ನುವುದನ್ನು ಸ್ಟ್ರೈಪ್ ಕಳಿಸುವ ಸಂದೇಶ ನೋಡಿಯೇ ಅದು ಟೇಬಲ್ ತಿದ್ದುತ್ತದೆ. ಮುಂದಿನ ತಿಂಗಳು ದುಡ್ಡು ಕಡಿತ ಆಗುವಾಗ ಬ್ರೌಸರ್ ಮುಂದೆ ಯಾರೂ ಕೂತಿರುವುದಿಲ್ಲವಲ್ಲ.

ಸರಿ, ಹಾಗಾದರೆ ಕ್ಯಾಷಿಯರ್ ಹಾಕಿಬಿಡೋಣ ಅಂದರೆ ನಮ್ಮಲ್ಲಿ ಒಂದು ತೊಡಕಿದೆ. ಭಾರತದಲ್ಲಿ ಸ್ಟ್ರೈಪ್ 2024ರಿಂದ ಆಹ್ವಾನ ಇದ್ದವರಿಗೆ ಮಾತ್ರ ಹೊಸ ಖಾತೆ ಕೊಡುತ್ತಿದೆ. ಹೊರದೇಶದಲ್ಲಿ ನೋಂದಣಿಯಾದ ಕಂಪನಿ ಇದ್ದರೆ ಕಣ್ಣು ಮುಚ್ಚಿ ಕ್ಯಾಷಿಯರ್ ಹಾಕಿ. ನಿಮಗೆ ಅದಿಲ್ಲ, ವಿದ್ಯಾರ್ಥಿಗಳೂ ಜಾಸ್ತಿ ಇಲ್ಲಿಯವರೇ. ಹಾಗಾಗಿ ನಮ್ಮ ದೇಶದ್ದೇ ಪಾವತಿ ಕಂಪನಿ ರೇಜರ್‌ಪೇಯ ಸಬ್‌ಸ್ಕ್ರಿಪ್ಷನ್ ಬಳಸಿ, ಕ್ಯಾಷಿಯರ್‌ನ ಟೇಬಲ್ ರಚನೆಯನ್ನು ಹಾಗೇ ಎತ್ತಿಕೊಳ್ಳಿ. ಈಗ ನಾನು ಮಾಡಿಕೊಟ್ಟ ಆ ಟ್ಯೂಷನ್ ಸೈಟ್ ಹೀಗೇ ಓಡುತ್ತಿದೆ.

ಬರೆಯುವಾಗ ಗಮನ ಇರಲಿ. ಮೊತ್ತ ಪೈಸೆಯಲ್ಲಿ ಹೋಗಬೇಕು, 199 ಅಲ್ಲ, 19900. ಒಟ್ಟು ಎಷ್ಟು ಸಲ ವಸೂಲಿ ಅಂತ ರೇಜರ್‌ಪೇ ಮೊದಲೇ ಕೇಳುತ್ತದೆ. ಸುಮ್ನೆ 12 ಅಂತ ಹಾಕಿ ಮರೆತರೆ ಒಂದು ವರ್ಷಕ್ಕೆ ಎಲ್ಲರ ಚಂದಾ ತಾನಾಗಿ ನಿಲ್ಲುತ್ತದೆ. ವೆಬ್‌ಹುಕ್ ವಿಳಾಸವನ್ನು ಸಿಎಸ್‌ಆರ್‌ಎಫ್ ತಪಾಸಣೆಯಿಂದ (ಫಾರಂ ನಮ್ಮ ಸೈಟಿನಿಂದಲೇ ಬಂದಿದೆಯಾ ಅಂತ ನೋಡುವ ತಪಾಸಣೆ) ಹೊರಗಿಡಿ, ಇಲ್ಲದಿದ್ದರೆ ಲಾರಾವೆಲ್ 419 ಅನ್ನುವ ದೋಷ ಕೊಟ್ಟು ಬಾಗಿಲು ಹಾಕುತ್ತದೆ. ಸಂದೇಶ ರೇಜರ್‌ಪೇಯಿಂದಲೇ ಬಂದಿದೆ ಅಂತ ತೋರಿಸುವ ಸಹಿ ಪರೀಕ್ಷಿಸುವಾಗ ಬಂದ ಪಠ್ಯವನ್ನು ಇದ್ದ ಹಾಗೇ ಬಳಸಿ. ಸಂದೇಶ ಬರುವ ಜೇಸನ್ ರೂಪವನ್ನು ಬಿಚ್ಚಿ ಮತ್ತೆ ಕಟ್ಟಿದರೆ ಸಹಿ ಹೊಂದದೇ ಹೋಗಬಹುದು. ಪ್ರತಿ ಸಂದೇಶದ ಹೆಡರ್‌ನಲ್ಲಿ ಒಂದು ಇವೆಂಟ್ ಐಡಿ ಇರುತ್ತದೆ. ಅದನ್ನು ಒಂದು ಟೇಬಲ್‌ನಲ್ಲಿ ಯೂನಿಕ್ ಕಾಲಂ ಮಾಡಿ ಇಡಿ. ಅದೇ ಐಡಿ ಮತ್ತೆ ಬಂದರೆ 200 ('ಸಿಕ್ಕಿತು' ಅನ್ನುವ ಕೋಡ್) ಅಂತ ಉತ್ತರ ಕೊಟ್ಟು ಸುಮ್ಮನಿರಿ. ನನ್ನ ಎರಡು ತಿಂಗಳ ಎಡವಟ್ಟು ಇಷ್ಟರಲ್ಲೇ ಸರಿಹೋಯಿತು.

ದುಡ್ಡು ಕಡಿತ ಆಗದಿದ್ದರೆ ರೇಜರ್‌ಪೇ 'ಪೆಂಡಿಂಗ್' ಅನ್ನುತ್ತದೆ, ಮತ್ತೆ ಪ್ರಯತ್ನ ಮಾಡುತ್ತದೆ. ಎಲ್ಲ ಪ್ರಯತ್ನ ಮುಗಿದರೆ 'ಹಾಲ್ಟೆಡ್'. ಪೆಂಡಿಂಗ್ ಇದ್ದಾಗ ಪಾಠ ಮುಚ್ಚಬೇಡಿ ಅನ್ನುವುದು ನನ್ನ ಸಲಹೆ. ಸಂಬಳ ಎರಡು ದಿನ ತಡವಾಗಿರುತ್ತದೆ, ಅಷ್ಟೇ. ಒಂದು ಮೆಸೇಜ್ ಕಳಿಸಿ ಕಾಯಿರಿ. ಹಾಲ್ಟೆಡ್ ಆದ ಮೇಲೆ ಮುಚ್ಚಿದರೆ ಸಾಕು.

ರಿಸರ್ವ್ ಬ್ಯಾಂಕ್ ನಿಯಮವೂ ಗೊತ್ತಿರಲಿ. 2021ರ ಅಕ್ಟೋಬರ್‌ನಿಂದ ಕಾರ್ಡ್, ಯುಪಿಐ ಎರಡಕ್ಕೂ ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ಗ್ರಾಹಕರಿಗೆ ಸೂಚನೆ ಹೋಗಲೇಬೇಕು. ಮೊದಲ ಸಲ ಒಪ್ಪಿಗೆ ಕೊಡುವಾಗ ಒಟಿಪಿ ಅಥವಾ ಪಿನ್ ಬೇಕು; ಆಮೇಲೆ 15,000 ರೂಪಾಯಿವರೆಗೆ ಪ್ರತಿ ತಿಂಗಳು ಕೇಳುವುದಿಲ್ಲ. ಹಾಗಾಗಿ 199ಕ್ಕೆ ತೊಂದರೆಯಿಲ್ಲ. ಆದರೆ ಆ ಸೂಚನೆ ನೋಡಿದ ದಿನವೇ ಕೆಲವರಿಗೆ ರದ್ದು ಮಾಡಬೇಕು ಅನ್ನಿಸುತ್ತದೆ. ರದ್ದು ಬಟನ್ ಪ್ರೊಫೈಲ್ ಪುಟದಲ್ಲೇ ಕಾಣುವ ಹಾಗೆ ಇಡಿ. ಅವಧಿ ಮುಗಿದ ಮೇಲೆ ರದ್ದು ಅನ್ನುವ ಆಯ್ಕೆ ರೇಜರ್‌ಪೇಯಲ್ಲೇ ಇದೆ, ಅದನ್ನೇ ಬಳಸಿ, 'ಎಂಡ್ಸ್ ಅಟ್'ಗೆ ಆ ತಾರೀಖು ಹಾಕಿ. ಬಟನ್ ಬಚ್ಚಿಟ್ಟರೆ ಜನ ಬ್ಯಾಂಕ್ ಆ್ಯಪ್‌ನಿಂದಲೇ ಒಪ್ಪಿಗೆ ಕಿತ್ತುಹಾಕುತ್ತಾರೆ, ಮತ್ತೆ ನಿಮ್ಮ ಕಡೆ ಬರುವುದಿಲ್ಲ.

ಟೆಸ್ಟ್ ಮೋಡ್‌ನಲ್ಲಿ ದುಡ್ಡು ಕಟ್ಟಿದ ತಕ್ಷಣ ಟ್ಯಾಬ್ ಮುಚ್ಚಿ ನೋಡಿ. ಐದು ನಿಮಿಷ ಬಿಟ್ಟು ಬೇರೆ ಫೋನಿನಿಂದ ಲಾಗಿನ್ ಆದಾಗ ಪಾಠ ತೆರೆದರೆ ನಿಮ್ಮ ವೆಬ್‌ಹುಕ್ ಸರಿ ಇದೆ. ಟೇಬಲ್‌ನ ಮೈಗ್ರೇಷನ್ (ಟೇಬಲ್ ಕಟ್ಟುವ ಕೋಡ್) ಬರೆದು ಇಲ್ಲೇ ಹಾಕಿ ಮೇಡಂ, ಶನಿವಾರ ಕೂತು ನೋಡುತ್ತೇನೆ. ರೇಜರ್‌ಪೇಯ ಗುಪ್ತ ಕೀಗಳನ್ನು ಮಾತ್ರ ತೆಗೆದು ಆಮೇಲೆ ಹಾಕಿ.