ಬರಹಗಾರರಿಗೆ ಸಲಹೆ: ‘ಅದೃಷ್ಟ ಕೈಕೊಟ್ಟಿತು’ ಎಂದು ಬರೆಯುವ ಮುನ್ನ

ಗಂಗಾವತಿಯ ತಂಗಿಗೆ ನಮಸ್ಕಾರಗಳು.

ಬರುವ ಶನಿವಾರ ಕೊಪ್ಪಳದಲ್ಲಿ ನಡೆಯಲಿರುವ ಅಂತರ ಕಾಲೇಜು ಮಹಿಳಾ ಬ್ಯಾಸ್ಕೆಟ್‌ಬಾಲ್ ಪಂದ್ಯದ ಬಗ್ಗೆ ನೀವು ಕಳಿಸಿದ ಮುನ್ನೋಟ ತಲುಪಿದೆ. ಈ ಪತ್ರವನ್ನು ಬೇರೆಯವರೂ ಓದುವುದರಿಂದ ಕಾಲೇಜುಗಳ ಹೆಸರನ್ನು ಬಿಟ್ಟು ಊರಿನ ಹೆಸರನ್ನಷ್ಟೇ ಬಳಸುತ್ತೇನೆ. ಕೊಪ್ಪಳದ ತಂಡ ಈವರೆಗೆ ಆಡಿದ ನಾಲ್ಕು ಪಂದ್ಯಗಳನ್ನೂ ಸೋತಿದೆ. ಬಳ್ಳಾರಿಯ ತಂಡದ ಸ್ಥಿತಿಯೂ ಅದೇ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಡ್ರಾ ಎಂಬುದಿಲ್ಲ, ಅಂಕಗಳು ಸಮವಾದರೆ ಐದೈದು ನಿಮಿಷ ಹೆಚ್ಚುವರಿ ಆಡಿಸುತ್ತಾರೆ. ಹಾಗಾಗಿ ಶನಿವಾರ ಸಂಜೆ ಈ ಎರಡರಲ್ಲಿ ಒಂದು ತಂಡ ಗೆಲ್ಲಲೇಬೇಕು. ಎಲ್ಲರೂ ಫೈನಲ್ ಪಂದ್ಯಕ್ಕೆ ಕಾಯುತ್ತಿರುವಾಗ ಪಟ್ಟಿಯ ತಳದಲ್ಲಿರುವ ಈ ಪಂದ್ಯದ ಬಗ್ಗೆ ಬರೆಯಬೇಕೆಂದು ನಿಮಗೆ ಅನ್ನಿಸಿದ್ದು ಒಳ್ಳೆಯದು. ಭಾಷೆ ಶುದ್ಧವಾಗಿದೆ, ಹೇಳಿದ ದಿನಕ್ಕೆ ಬರಹ ಬಂದಿದೆ. ಆದರೂ ಇದನ್ನು ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಕಾರಣವನ್ನು ಎರಡು ಸಾಲುಗಳಲ್ಲಿ ತಿಳಿಸಿ ಮುಗಿಸಬಹುದಿತ್ತು, ಆದರೆ ನಿಮ್ಮ ಒಂದು ವಾಕ್ಯ ಎರಡು ದಿನಗಳಿಂದ ನನ್ನನ್ನು ಕಾಡುತ್ತಿದೆ.

ನಿಮ್ಮ ಮೊದಲ ವಾಕ್ಯ ಹೀಗಿದೆ: ‘ಗೆಲುವಿನ ಮುಖವನ್ನೇ ಕಾಣದ ಎರಡು ತಂಡಗಳು ಪ್ರತಿಷ್ಠೆಯ ಕದನಕ್ಕೆ ಸಜ್ಜಾಗಿವೆ.’ ಇದನ್ನು ತೆಗೆದುಹಾಕಿ. ಕದನ, ಸಮರ, ಹಣಾಹಣಿ ಎಂಬ ಪದಗಳು ಯಾವ ಪಂದ್ಯದ ಮೇಲೆ ಬೇಕಾದರೂ ಕೂರುತ್ತವೆ, ಆದ್ದರಿಂದ ಯಾವ ಪಂದ್ಯದ ಬಗ್ಗೆಯೂ ಏನನ್ನೂ ಹೇಳುವುದಿಲ್ಲ.

ನನ್ನನ್ನು ಕಾಡಿದ್ದು ಅದರ ನಂತರದ ವಾಕ್ಯ: ‘ಕೊಪ್ಪಳದ ಹುಡುಗಿಯರು ನಾಲ್ಕೂ ಪಂದ್ಯಗಳಲ್ಲಿ ವೀರೋಚಿತವಾಗಿ ಆಡಿದರೂ ಕೊನೆಯ ಗಳಿಗೆಯಲ್ಲಿ ಅದೃಷ್ಟ ಕೈಕೊಟ್ಟಿತು.’

ಅದೃಷ್ಟ ಒಮ್ಮೆ ಕೈಕೊಡಬಹುದು. ರಿಂಗಿನ ಮೇಲೆ ಎರಡು ಸುತ್ತು ತಿರುಗಿದ ಚೆಂಡು ಹೊರಗೆ ಬಿದ್ದರೆ ಅದನ್ನು ಹಾಗೆ ಕರೆಯಲು ನನ್ನ ಅಭ್ಯಂತರವಿಲ್ಲ. ಆದರೆ ನಾಲ್ಕು ಪಂದ್ಯಗಳಲ್ಲಿ ನಾಲ್ಕು ಸಲ, ಅದೂ ಪ್ರತಿ ಸಲವೂ ಅದೇ ಹೊತ್ತಿಗೆ ಕೈಕೊಡುವುದನ್ನು ಅದೃಷ್ಟ ಎನ್ನಲಾಗದು, ಅದಕ್ಕೊಂದು ಕಾರಣ ಇದ್ದೇ ಇರುತ್ತದೆ. ಬರಹದ ಕೊನೆಗೆ ನೀವೇ ಲಗತ್ತಿಸಿರುವ ಅಂಕಪಟ್ಟಿಯನ್ನು ಇನ್ನೊಮ್ಮೆ ನೋಡಿ. ನಾಲ್ಕರಲ್ಲಿ ಮೂರು ಪಂದ್ಯಗಳಲ್ಲಿ ಕೊಪ್ಪಳದ ತಂಡ ಮೂರನೇ ಕ್ವಾರ್ಟರ್ (ಹತ್ತು ನಿಮಿಷಗಳ ನಾಲ್ಕು ಅವಧಿಗಳಲ್ಲಿ ಮೂರನೆಯದು) ಮುಗಿಯುವವರೆಗೆ ಮುಂದಿತ್ತು ಅಥವಾ ಸಮವಾಗಿತ್ತು. ಒಂದರಲ್ಲಂತೂ ಐದು ಅಂಕ ಮುಂದಿದ್ದ ತಂಡ ಕೊನೆಯ ಹತ್ತು ನಿಮಿಷಗಳಲ್ಲಿ ಒಂಬತ್ತು ಅಂಕ ಹಿಂದಕ್ಕೆ ಬಿದ್ದು ಸೋತಿತು. ಮೂವತ್ತು ನಿಮಿಷ ಒಂದು ತಂಡ, ಉಳಿದ ಹತ್ತು ನಿಮಿಷ ಇನ್ನೊಂದು ತಂಡ ಆಡಿದಂತಿದೆ. ಹೀಗೇಕೆ ಆಯಿತು ಎಂದು ಕೇಳುವುದೇ ಮುನ್ನೋಟ ಬರೆಯುವವರ ಕೆಲಸ. ನೀವು ಆ ಪ್ರಶ್ನೆಯ ಬಾಗಿಲಿನವರೆಗೆ ಬಂದು, ಅದೃಷ್ಟದ ಹೆಸರು ಹೇಳಿ ತಿರುಗಿ ಹೋಗಿದ್ದೀರಿ.

ಉತ್ತರವೂ ನಿಮ್ಮ ಬರಹದಲ್ಲೇ ಇದೆ, ಹನ್ನೆರಡನೇ ಪ್ಯಾರಾದಲ್ಲಿ, ತರಬೇತುದಾರರ ಅಭಿಪ್ರಾಯ ಮತ್ತು ಪ್ರಾಂಶುಪಾಲರ ಶುಭಾಶಯದ ನಡುವೆ. ‘ತಂಡದಲ್ಲಿ ಏಳು ಮಂದಿ ಇದ್ದು, ಕುಷ್ಟಗಿ ಕಡೆಯ ಇಬ್ಬರಿಗೆ ಆರು ಗಂಟೆಯ ಬಸ್ಸು ಇರುವುದರಿಂದ ಅಭ್ಯಾಸ ಐದೂವರೆಗೆ ಮುಗಿಯುತ್ತದೆ’ ಎಂದು ಬರೆದಿದ್ದೀರಿ. ಇಡೀ ಬರಹದಲ್ಲಿ ಕಣ್ಣಾರೆ ಕಂಡು ಕಿವಿಯಾರೆ ಕೇಳಿ ಬರೆದ ವಾಕ್ಯ ಇದೊಂದೇ, ಮತ್ತು ಇದನ್ನು ನೀವು ಗಮನಿಸಿಯೇ ಇಲ್ಲ.

ನಿಯಮದ ಪ್ರಕಾರ ತಂಡದಲ್ಲಿ ಹನ್ನೆರಡು ಮಂದಿ ಇರಬಹುದು, ಇವರಲ್ಲಿ ಏಳೇ ಮಂದಿ. ಐವರು ಅಂಕಣದಲ್ಲಿದ್ದರೆ ಬೆಂಚಿನಲ್ಲಿ ಇಬ್ಬರು. ಶಿವರಾತ್ರಿ ಇನ್ನೂ ಬರಬೇಕು, ಆಗಲೇ ನಮ್ಮ ಕಡೆ ಸಂಜೆ ನಾಲ್ಕಕ್ಕೆ ಸಿಮೆಂಟಿನ ಅಂಕಣ ಕಾದ ಹಂಚಾಗಿರುತ್ತದೆ. ನಾಲ್ಕೂವರೆಗೆ ಇಳಿದು ಐದೂವರೆಗೆ ಮುಗಿಸುವ ತಂಡಕ್ಕೆ ದಿನಕ್ಕೆ ಒಂದೇ ಗಂಟೆಯ ಅಭ್ಯಾಸ, ಅದರಲ್ಲಿ ಓಟಕ್ಕೆ ಎಷ್ಟು, ಎಸೆತಕ್ಕೆ ಎಷ್ಟು? ಪಂದ್ಯ ನಲವತ್ತು ನಿಮಿಷದ್ದು. ಇನ್ನು ಫೌಲಿನ ಲೆಕ್ಕ. ಐದು ವೈಯಕ್ತಿಕ ಫೌಲ್ ಮಾಡಿದ ಆಟಗಾರ್ತಿ ಹೊರಗೆ ಹೋಗಬೇಕು. ಬೆಂಚು ತುಂಬಿರುವ ತಂಡದಲ್ಲಿ ನಾಲ್ಕು ಫೌಲ್ ಆದವಳನ್ನು ಸ್ವಲ್ಪ ಹೊತ್ತು ಕೂರಿಸಿ ಕೊನೆಗೆ ಇಳಿಸುತ್ತಾರೆ, ಏಳು ಮಂದಿಯ ತಂಡಕ್ಕೆ ಆ ಅನುಕೂಲವಿಲ್ಲ. ಅವಳು ಅಂಕಣದಲ್ಲೇ ಇರುತ್ತಾಳೆ, ಆದರೆ ಎದುರಾಳಿ ಮೈಮೇಲೆ ಬಂದಾಗ ಎರಡೂ ಕೈ ಮೇಲೆತ್ತಿ ಸರಿದು ನಿಲ್ಲುತ್ತಾಳೆ. ತಡೆಯಲು ಹೋದರೆ ಐದನೆಯದಾಗುತ್ತದೆ. ಎದುರಾಳಿಗೆ ಇದು ಎರಡೇ ನಿಮಿಷದಲ್ಲಿ ತಿಳಿಯುತ್ತದೆ, ಆಮೇಲೆ ಚೆಂಡೆಲ್ಲ ಅವಳಿರುವ ಕಡೆಗೇ ಬರುತ್ತದೆ. ಒಂದು ಕ್ವಾರ್ಟರ್‌ನಲ್ಲಿ ತಂಡದ ನಾಲ್ಕು ಫೌಲ್ ಮುಗಿದರೆ ಐದನೆಯದರಿಂದ ಆಚೆಗೆ ಸಾಮಾನ್ಯವಾಗಿ ಪ್ರತಿ ಫೌಲಿಗೂ ಎದುರಿನವರಿಗೆ ಎರಡು ಫ್ರೀ ಥ್ರೋ, ಅಂದರೆ ಯಾರ ಅಡ್ಡಿಯೂ ಇಲ್ಲದೆ ಗೆರೆಯಲ್ಲಿ ನಿಂತು ಎಸೆಯುವ ಅವಕಾಶ, ಸಿಗುತ್ತದೆ. ದಣಿದ ಕಾಲುಗಳು ತಡವಾಗಿ ತಲುಪುತ್ತವೆ, ತಡವಾಗಿ ತಲುಪಿದವರ ಕೈ ಚೆಂಡಿನ ಬದಲು ಮಣಿಕಟ್ಟಿಗೆ ತಾಗುತ್ತದೆ, ರೆಫ್ರಿ ಸೀಟಿ ಊದುತ್ತಾರೆ. ಕೊನೆಯ ಹತ್ತು ನಿಮಿಷಗಳಲ್ಲಿ ತಂಡ ಕುಸಿಯುವುದು ಹೀಗೆ.

ನೀವೇ ಹೋಗಿ ನೋಡಬೇಕಾದದ್ದು ಇನ್ನೊಂದಿದೆ. ಫ್ರೀ ಥ್ರೋ ಗೆರೆ ಬೋರ್ಡಿನಿಂದ 4.6 ಮೀಟರ್ ದೂರ, ರಿಂಗು ನೆಲದಿಂದ 3.05 ಮೀಟರ್ ಎತ್ತರ. ಅಡ್ಡ ಬರುವವರು ಯಾರೂ ಇಲ್ಲದಿದ್ದರೂ ನಾಲ್ಕನೇ ಕ್ವಾರ್ಟರ್‌ನಲ್ಲಿ ಆ ಎಸೆತ ಏಕೆ ತಪ್ಪುತ್ತದೆ? ನಿಂತವಳ ಮೊಣಕಾಲನ್ನು ನೋಡಿ. ಮೊದಲ ಕ್ವಾರ್ಟರ್‌ನಲ್ಲಿ ಮೊಣಕಾಲು ಬಾಗಿ, ಎಸೆತ ಪಾದದಿಂದ ಎದ್ದು ಬರುತ್ತದೆ. ಕೊನೆಗೆ ಕಾಲು ಬಾಗುವುದೇ ಇಲ್ಲ, ಎಸೆತ ತೋಳಿನಿಂದಷ್ಟೇ ಹೊರಡುತ್ತದೆ, ಚೆಂಡು ರಿಂಗಿನ ಮುಂದಿನ ಅಂಚಿಗೆ ಬಡಿದು ಎಸೆದವಳತ್ತಲೇ ಮರಳುತ್ತದೆ. ಅಂತಹ ಒಂದೆರಡು ಅಂಕಗಳು ಎಷ್ಟು ತೂಗುತ್ತವೆ ಎಂದು ತಿಳಿಯಲು ದೂರ ಹೋಗಬೇಕಿಲ್ಲ. 2017ರಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ನಮ್ಮ ರಾಷ್ಟ್ರೀಯ ತಂಡದ ಹೆಣ್ಣುಮಕ್ಕಳು ಏಷ್ಯಾ ಕಪ್ ಎರಡನೇ ಹಂತದ ಫೈನಲ್‌ನಲ್ಲಿ ಕಜಾಕಿಸ್ತಾನವನ್ನು ಸೋಲಿಸಿ ಮೇಲಿನ ಹಂತಕ್ಕೆ ಏರಿದ್ದು 75–73ರಿಂದ.

ಇಷ್ಟು ಕಟ್ಟುನಿಟ್ಟಾಗಿ ಹೇಳುವುದಕ್ಕೆ ಕಾರಣವಿದೆ. ಇದೇ ವಾಕ್ಯವನ್ನು ನಾನೂ ಒಮ್ಮೆ ಬರೆದಿದ್ದೆ. 1986ರಲ್ಲಿ ನಾನು ರಾಯಚೂರಿನಿಂದ ಪತ್ರಿಕೆಯೊಂದಕ್ಕೆ ಸುದ್ದಿ ಕಳಿಸುತ್ತಿದ್ದೆ. ಬರೆದದ್ದನ್ನು ಲಕೋಟೆಯಲ್ಲಿಟ್ಟು ಸಂಜೆ ಬಸ್ಸಿನ ಡ್ರೈವರ್ ಕೈಗೆ ಕೊಟ್ಟರೆ ಬೆಳಗಿನ ಜಾವ ಕಚೇರಿ ತಲುಪುತ್ತಿತ್ತು. ರಾಯಚೂರಿನ ಕಾಲೇಜು ಹುಡುಗಿಯರ ತಂಡ ಸೋತ ಪಂದ್ಯದ ಬಗ್ಗೆ ‘ಅದೃಷ್ಟದೇವತೆ ಕೈಬಿಟ್ಟಳು’ ಎಂದು ಬರೆದು ಕಳಿಸಿದೆ. ಮೂರನೇ ದಿನ ಅದೇ ಹಾಳೆ ಅದೇ ಬಸ್ಸಿನಲ್ಲಿ ಹಿಂದಕ್ಕೆ ಬಂತು. ಆ ಸಾಲಿನ ಕೆಳಗೆ ಕೆಂಪು ಶಾಯಿಯ ಗೆರೆ, ಪಕ್ಕದಲ್ಲಿ ಡೆಸ್ಕಿನ ಹಿರಿಯರ ಅಕ್ಷರ: ‘ತಮ್ಮಾ, ಈ ದೇವತೆಯ ಅಂಗಿಯ ನಂಬರ್ ಎಷ್ಟು? ಸ್ಕೋರ್‌ಶೀಟ್ ನೋಡಿ ಬರೆ.’

ಸ್ಕೋರ್‌ಶೀಟ್ ಓದಲು ನನಗೆ ಬರುತ್ತಿರಲಿಲ್ಲ. ಆ ಪಂದ್ಯಕ್ಕೆ ಸ್ಕೋರ್ ಬರೆದಿದ್ದ ಪಿ.ಟಿ. ಮೇಷ್ಟ್ರ ಮನೆ ಹುಡುಕಿಕೊಂಡು ಹೋದೆ. ಅವರು ಹಾಳೆಯನ್ನು ಚಾಪೆಯ ಮೇಲೆ ಹರಡಿ ಪ್ರತಿ ಹೆಸರಿನ ಮುಂದಿರುವ ಐದು ಚೌಕಗಳನ್ನು ತೋರಿಸಿದರು. ಒಂದು ಫೌಲಿಗೆ ಒಂದು ಚೌಕ ತುಂಬುತ್ತದೆ, ಐದೂ ತುಂಬಿದರೆ ಆಟ ಮುಗಿಯಿತು. ಆಗ ಈಗಿನಂತೆ ನಾಲ್ಕು ಕ್ವಾರ್ಟರ್ ಇರಲಿಲ್ಲ, ಅದು 2000ದಲ್ಲಿ ಬಂದ ನಿಯಮ. ಇಪ್ಪತ್ತು ನಿಮಿಷಗಳ ಎರಡು ಅವಧಿಗಳಿದ್ದವು. ರಾಯಚೂರು ತಂಡದ ಒಬ್ಬ ಹುಡುಗಿಯ ಚೌಕಗಳೆಲ್ಲ ಎರಡನೇ ಅವಧಿಯ ನಡುವೆಯೇ ತುಂಬಿದ್ದವು, ಅಲ್ಲಿಂದ ಮುಂದೆ ಆ ತಂಡದ ಅಂಕದ ಸಾಲು ಬಹುತೇಕ ಖಾಲಿ. ಮರುದಿನ ಅವಳನ್ನೇ ಭೇಟಿ ಮಾಡಿ ಕೇಳಿದೆ. ‘ನಾ ಹೊರಗ ಹೋದ ಮ್ಯಾಲೆ ರಿಬೌಂಡ್ ಹಿಡಿಯೋಕ ಎತ್ತರದಾಕಿ ಇನ್ನೊಬ್ಬಾಕಿ ಇರಲಿಲ್ರಿ’ ಎಂದಳು. ರಿಬೌಂಡ್ ಎಂದರೆ ಗುರಿ ತಪ್ಪಿ ಪುಟಿದು ಮರಳುವ ಚೆಂಡು. ನನ್ನ ಒಂದೂವರೆ ಪುಟದಲ್ಲಿ ಎಲ್ಲೂ ಇಲ್ಲದ ವಿಷಯ ಅವಳ ಒಂದು ಮಾತಿನಲ್ಲಿತ್ತು. ಅವಳ ಆಟವನ್ನು ನಾನು ಪೂರ್ತಿ ನೋಡಿದ್ದೆ, ಆದರೂ ಅವಳನ್ನು ನೋಡಿರಲಿಲ್ಲ. ಆ ನಾಚಿಕೆ ಇಂದಿಗೂ ಹೋಗಿಲ್ಲ, ಹೋಗುವುದೂ ಬೇಡ.

ಇನ್ನು ನನಗೆ ಬೇಸರ ತರಿಸಿದ ಎರಡನೇ ವಾಕ್ಯ: ‘ಬಳೆ ತೊಟ್ಟ ಕೋಮಲ ಕೈಗಳು ಶನಿವಾರ ಚೆಂಡು ಹಿಡಿಯಲಿವೆ.’

ಮೊದಲನೆಯದಾಗಿ ಇದು ಸುಳ್ಳು. ಶನಿವಾರ ಆ ಅಂಕಣದಲ್ಲಿ ಬಳೆ ತೊಟ್ಟ ಕೈ ಒಂದೂ ಇರುವುದಿಲ್ಲ, ಏಕೆಂದರೆ ಒಡವೆ ತೊಟ್ಟು ಆಡಲು ನಿಯಮದಲ್ಲಿ ಅವಕಾಶವಿಲ್ಲ. ಪಂದ್ಯಕ್ಕೆ ಅರ್ಧ ಗಂಟೆ ಮೊದಲು ಹೋಗಿ ನೋಡಿ. ಅಂಕಣದ ಅಂಚಿನಲ್ಲಿ ಗೆಳತಿಯೊಬ್ಬಳು ಕರವಸ್ತ್ರ ಚಾಚಿ ನಿಂತಿರುತ್ತಾಳೆ, ಒಬ್ಬೊಬ್ಬರೇ ಬಂದು ಬಳೆ ಬಿಚ್ಚಿ ಅದರಲ್ಲಿ ಹಾಕುತ್ತಾರೆ. ಬಿಗಿಯಾದ ಗಾಜಿನ ಬಳೆಗಳನ್ನು ಒಡೆಯದಂತೆ ತೆಗೆಯಲು ನೀರು ಹಚ್ಚಿ, ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿ ಜಾರಿಸುತ್ತಾರೆ. ಬಳೆಯ ಬಗ್ಗೆ ಬರೆಯಲೇಬೇಕಿದ್ದರೆ ಆ ಕರವಸ್ತ್ರದ ಗಂಟಿನ ಬಗ್ಗೆ ಬರೆಯಿರಿ. ‘ಕೋಮಲ’ ಎಂಬ ಪದದ ಬಗ್ಗೆ ಹೇಳುವುದಾದರೆ, ದಿನವೂ ಸಿಮೆಂಟಿನ ಮೇಲೆ ಪುಟಿಸಿದ ಚೆಂಡನ್ನು ಹಿಡಿಯುವವರ ಬೆರಳ ತುದಿಗಳು ಒರಟಾಗಿರುತ್ತವೆ. ಒಬ್ಬರ ಕೈಯನ್ನಾದರೂ ನೋಡಿದ್ದರೆ ನೀವು ಆ ಪದ ಬಳಸುತ್ತಿರಲಿಲ್ಲ.

ಎರಡನೆಯದಾಗಿ, ಈ ಕನಿಕರಕ್ಕೆ ಹಳೆಯ ಇತಿಹಾಸವಿದೆ, ಅದರಿಂದ ಆಟಕ್ಕೆ ಆದದ್ದು ನಷ್ಟವೇ. 1891ರ ಡಿಸೆಂಬರ್‌ನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ ಹಣ್ಣಿನ ಬುಟ್ಟಿಗಳನ್ನು ಕಟ್ಟಿ ಈ ಆಟ ಆರಂಭಿಸಿದರು. ಮರುವರ್ಷವೇ ಸೆಂಡಾ ಬೆರೆನ್‌ಸನ್ ಎಂಬ ಶಿಕ್ಷಕಿ ಸ್ಮಿತ್ ಕಾಲೇಜಿನ ವಿದ್ಯಾರ್ಥಿನಿಯರಿಗೆ ಅದನ್ನು ಕಲಿಸಿದರು. ಆದರೆ ಹೆಣ್ಣುಮಕ್ಕಳು ದಣಿದಾರು ಎಂಬ ಅಂದಿನ ನಂಬಿಕೆಗೆ ತಲೆಬಾಗಿ ಅಂಕಣವನ್ನು ಮೂರು ಭಾಗ ಮಾಡಿ, ತಮ್ಮ ಭಾಗ ಬಿಟ್ಟು ಯಾರೂ ಆಚೆ ಓಡುವಂತಿಲ್ಲ ಎಂದು ವಿಧಿಸಿದರು. ಒಲಿಂಪಿಕ್ಸ್‌ಗೆ ಪುರುಷರ ಬ್ಯಾಸ್ಕೆಟ್‌ಬಾಲ್ ಬಂದದ್ದು 1936ರಲ್ಲಿ, ಮಹಿಳೆಯರದು 1976ರಲ್ಲಿ. ನಲವತ್ತು ವರ್ಷಗಳ ಅಂತರ. ಇಂದು ಮಹಿಳೆಯರ ಚೆಂಡು ಒಂದು ಅಳತೆ ಚಿಕ್ಕದು ಎಂಬುದನ್ನು ಬಿಟ್ಟರೆ ಅಂಕಣ ಅದೇ, ರಿಂಗಿನ ಎತ್ತರವೂ ಅದೇ. ನೀವು ಒಳ್ಳೆಯ ಮನಸ್ಸಿನಿಂದಲೇ ಬರೆದಿದ್ದೀರಿ, ನನಗೆ ಗೊತ್ತಿದೆ. ಆದರೂ ಆ ವಾಕ್ಯ ಈ ಹುಡುಗಿಯರನ್ನು ಮತ್ತೆ ಆ ಗೆರೆಗಳ ಒಳಗೆ ನಿಲ್ಲಿಸುತ್ತದೆ. ಅವರ ಆಟದ ತಪ್ಪುಗಳನ್ನು ಸ್ಪಷ್ಟವಾಗಿ ಬರೆಯುವುದೇ ಅವರಿಗೆ ಸಲ್ಲಬೇಕಾದ ಗೌರವ.

ಬಳ್ಳಾರಿ ತಂಡಕ್ಕೆ ನೀವು ಕೊಟ್ಟಿರುವುದು ಒಂದೇ ವಾಕ್ಯ, ‘ಬಳ್ಳಾರಿಯೂ ಸಂಕಷ್ಟದಲ್ಲಿದೆ.’ ಆ ತಂಡದ ಒಂದು ಪಂದ್ಯವನ್ನು ನಾನು ನೋಡಿದ್ದೇನೆ. ಎದುರಾಳಿಗಳು ಆರಂಭದಿಂದಲೇ ಇಡೀ ಅಂಕಣದಲ್ಲಿ ಮೈಗೆ ಅಂಟಿಕೊಂಡು ಕಾದರು. ಚೆಂಡನ್ನು ಎಂಟು ಸೆಕೆಂಡಿನೊಳಗೆ ಮಧ್ಯದ ಗೆರೆ ದಾಟಿಸಬೇಕು, ಆದರೆ ಒತ್ತಡದಲ್ಲಿ ಡ್ರಿಬಲ್ ಮಾಡಬಲ್ಲವಳು, ಅಂದರೆ ಚೆಂಡನ್ನು ಪುಟಿಸುತ್ತ ಮುಂದೆ ಸಾಗಬಲ್ಲವಳು, ಆ ತಂಡದಲ್ಲಿ ಒಬ್ಬಳೇ; ಅವಳನ್ನು ಇಬ್ಬರು ಸುತ್ತುವರಿದರೆ ಚೆಂಡು ಎದುರಿನವರ ಪಾಲು. ನಿಮ್ಮ ಪಟ್ಟಿಯೂ ಅದನ್ನೇ ಹೇಳುತ್ತದೆ: ನಾಲ್ಕೂ ಪಂದ್ಯಗಳಲ್ಲಿ ಬಳ್ಳಾರಿ ಮೊದಲ ಕ್ವಾರ್ಟರ್‌ನಲ್ಲೇ ಹತ್ತಕ್ಕೂ ಹೆಚ್ಚು ಅಂಕ ಹಿಂದೆ ಬಿದ್ದಿದೆ, ಆಮೇಲಿನ ಮೂರರಲ್ಲಿ ಸರಿಸಮ ಆಡಿದೆ. ಅಂದರೆ ಮೊದಲ ಹತ್ತು ನಿಮಿಷಗಳಲ್ಲಿ ಸೋಲುವ ತಂಡವೂ ಕೊನೆಯ ಹತ್ತು ನಿಮಿಷಗಳಲ್ಲಿ ಸೋಲುವ ತಂಡವೂ ಶನಿವಾರ ಎದುರಾಗುತ್ತಿವೆ. ಏಳೇ ಮಂದಿಯ ಕೊಪ್ಪಳ ತಂಡ ಆರಂಭದಲ್ಲೇ ಹಾಗೆ ಅಂಟಿಕೊಂಡು ಕಾದರೆ ಮುನ್ನಡೆ ಸಿಗಬಹುದು, ಆದರೆ ಕಾಲುಗಳು ಇನ್ನೂ ಬೇಗ ಸೋಲುತ್ತವೆ. ಕಾಯದಿದ್ದರೆ ಬಳ್ಳಾರಿಗೆ ಈ ಸಾಲಿನಲ್ಲಿ ಮೊದಲ ಸಲ ನೆಮ್ಮದಿಯ ಆರಂಭ ಸಿಗುತ್ತದೆ. ಕೊಪ್ಪಳದ ತರಬೇತುದಾರರು ಯಾವುದನ್ನು ಆರಿಸಿಕೊಳ್ಳುತ್ತಾರೆ? ನನಗೆ ಬೇಕಿರುವ ಮುನ್ನೋಟ ಇದು. ಅವರನ್ನು ಭೇಟಿ ಮಾಡಿದಾಗ ನೀವು ‘ಗೆಲ್ಲುವ ವಿಶ್ವಾಸವಿದೆಯೇ’ ಎಂದು ಕೇಳಿದ್ದೀರಿ, ‘ಇದೆ’ ಎಂದಿದ್ದಾರೆ. ಬೇರೆ ಏನು ಹೇಳಿಯಾರು?

ಗುರುವಾರ ಅಭ್ಯಾಸದ ಹೊತ್ತಿಗೆ ಮತ್ತೊಮ್ಮೆ ಕೊಪ್ಪಳಕ್ಕೆ ಹೋಗಿ. ಕಳೆದ ನಾಲ್ಕು ಪಂದ್ಯಗಳ ಸ್ಕೋರ್‌ಶೀಟ್ ಕೇಳಿ ಪಡೆಯಿರಿ, ನಾಲ್ಕನೇ ಕ್ವಾರ್ಟರ್‌ನಲ್ಲಿ ಅಂಕಣದಲ್ಲಿ ಇದ್ದವರು ಯಾರು ಯಾರು ಎಂದು ಗುರುತು ಹಾಕಿಕೊಳ್ಳಿ. ಹನ್ನೆರಡನೇ ಪ್ಯಾರಾದಿಂದ ಬರಹ ಆರಂಭಿಸಿ, ಆರುನೂರು ಪದಗಳಲ್ಲಿ ಮುಗಿಸಿ, ಶುಕ್ರವಾರ ಮಧ್ಯಾಹ್ನದೊಳಗೆ ಕಳಿಸಿ, ಜಾಗ ಕಾಯ್ದಿರಿಸಿದ್ದೇನೆ.

ಮುಖ್ಯವಾದ ಇನ್ನೊಂದು ವಿಷಯವನ್ನು ಕುಷ್ಟಗಿ ಕಡೆಯ ಆ ಇಬ್ಬರನ್ನೇ ಕೇಳಿ. ಪಂದ್ಯ ನಾಲ್ಕೂವರೆಗೆ ಆರಂಭ ಎಂದು ಬರೆದಿದ್ದೀರಿ. ವಿರಾಮ, ಟೈಮ್‌ಔಟ್, ಫ್ರೀ ಥ್ರೋಗಳನ್ನೆಲ್ಲ ಸೇರಿಸಿದರೆ ಮೂರನೇ ಕ್ವಾರ್ಟರ್ ಮುಗಿಯುವುದು ಸುಮಾರು ಐದು ಮುಕ್ಕಾಲಿಗೆ. ಅವರ ಬಸ್ಸು ಆರು ಗಂಟೆಯದು. ಅವರು ಹೊರಟುಬಿಟ್ಟರೆ ಕೊಪ್ಪಳಕ್ಕೆ ಐವರೇ ಉಳಿಯುತ್ತಾರೆ, ಒಬ್ಬಳ ಐದನೇ ಫೌಲ್ ಆದರೆ ನಾಲ್ವರೇ ಆಡಬೇಕು. ಹಿಂದಿನ ಪಂದ್ಯಗಳಲ್ಲಿ ಅವರು ಕೊನೆಯವರೆಗೆ ಇದ್ದರೇ, ಶನಿವಾರ ಇರುತ್ತಾರೆಯೇ, ಇದ್ದರೆ ರಾತ್ರಿ ಊರಿಗೆ ಹೇಗೆ ಹೋಗುತ್ತಾರೆ ಎಂಬುದನ್ನು ಕೇಳಿಕೊಂಡು ಬಂದು ಬರೆಯಿರಿ.